ಕಟ್ಟಡದೊಳಗಿನ ದಾರಿಯೂ ಗಡಿನಾಡಿನ ಮಾತೂ

ಕಣ್ಣಿಲ್ಲದವರಿಗೆ ಬೀದಿಯ ದಾರಿಯನ್ನು ಹೇಳುವ ಯಂತ್ರಗಳು ಈಗ ಅಪೂರ್ವವಲ್ಲ. ಆದರೆ ಕಟ್ಟಡದ ಹೊಸ್ತಿಲನ್ನು ದಾಟಿದೊಡನೆ ಅವು ಮೂಕವಾಗುವುವು. ಈ ಕೊರತೆಯನ್ನು ಕುರಿತು ಎರಡು ಗ್ರಂಥಗಳು ನಮ್ಮ ಮುಂದಿವೆ. ಒಂದು, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2017ರಲ್ಲಿ ಅಂಗೀಕರಿಸಿದ ಎಫ್.921 ಎಂಬ ಶಿಫಾರಸು. ದೃಷ್ಟಿಹೀನರಿಗೆ ಧ್ವನಿಯ ಮೂಲಕ ದಾರಿ ತೋರಿಸುವ ಕ್ರಮವು ಇದರ ವಿಷಯ. ಇನ್ನೊಂದು, ಭಾರತ ಸರಕಾರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯವು 2021ರಲ್ಲಿ ಹೊರಡಿಸಿದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿಗಳು. ಇವೆರಡನ್ನೂ ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಎದುರಿಗಿಟ್ಟು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವು. ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇಲ್ಲಿ ಕನ್ನಡವೂ ಮರಾಠಿಯೂ ಒಂದೇ ಪೇಟೆಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ, ನುಡಿಯಲ್ಪಡುತ್ತವೆ. ದಾರಿ ಹೇಳುವ ಯಂತ್ರವು ಕಡೆಗೆ ಮಾತಾಡುವ ಯಂತ್ರವೇ ಆಗಿರುವುದರಿಂದ, ಅದರ ಬಲಾಬಲಗಳು ಇಂಥ ಸೀಮೆಯಲ್ಲಿಯೇ ಚೆನ್ನಾಗಿ ತಿಳಿದುಬರುವುವು.

ಮೊದಲು ಯಂತ್ರದ ರೀತಿಯನ್ನು ಸಂಕ್ಷೇಪವಾಗಿ ಹೇಳಬೇಕು. ಬೀದಿಯಲ್ಲಿ ದಾರಿ ತೋರುವ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಕ್ಷೀಣ ಸಂಕೇತವು ಕಾಂಕ್ರೀಟಿನ ಮಾಳಿಗೆಯನ್ನು ಭೇದಿಸಿ ಬಂದರೂ ನಂಬಿಕೆಗೆ ಯೋಗ್ಯವಾಗಿ ಉಳಿಯುವುದಿಲ್ಲ. ಆದಕಾರಣ ಕಟ್ಟಡದೊಳಗೆ ಬೀಕನ್ ಎಂಬ ಸಣ್ಣ ಬ್ಲೂಟೂತ್ ಪ್ರೇಷಕಗಳನ್ನು ಗೋಡೆಗಳಲ್ಲಿ ಅಂಟಿಸುತ್ತಾರೆ. ಪ್ರತಿಯೊಂದೂ ತನ್ನ ಗುರುತಿನ ಸಂಖ್ಯೆಯನ್ನು ಕ್ಷಣಕ್ಷಣಕ್ಕೂ ಸಾರುತ್ತಿರುವುದು. ನಡೆಯುವವನ ಕೈಫೋನು ಆ ಸಂಕೇತದ ಬಲದಿಂದ ದೂರವನ್ನು ಊಹಿಸಿ, 'ಮುಂದೆ ಬಾಗಿಲು, ಬಲಕ್ಕೆ ತಿರುಗಿ' ಎಂದು ನುಡಿಯುವುದು. ಆದರೆ ಮನುಷ್ಯನ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಜನದಟ್ಟಣೆಯಿದ್ದಲ್ಲಿ ಊಹೆಯು ಒಂದೆರಡು ಮೀಟರುಗಳಷ್ಟು ಸುಲಭವಾಗಿ ತಪ್ಪುತ್ತದೆ. ಮೈದಾನದಲ್ಲಿ ಇದು ಅಲ್ಪ ದೋಷ. ಸಾಲು ಬಾಗಿಲುಗಳುಳ್ಳ ದವಾಖಾನೆಯ ಪಡಸಾಲೆಯಲ್ಲಿ ಇದು ಬೇರೊಬ್ಬ ವೈದ್ಯರ ಬಾಗಿಲು.

ಎಫ್.921ರ ಗುಣಗಳನ್ನು ಮುಕ್ತಕಂಠದಿಂದ ಒಪ್ಪತಕ್ಕದ್ದು. ಅದು ಯಂತ್ರವನ್ನು ಊರುಗೋಲಿನ ಸ್ಥಾನದಲ್ಲಿ ಕೂರಿಸುವುದಿಲ್ಲ. ಬಿಳಿಯ ಕೋಲು ಮೊದಲು, ಯಂತ್ರವು ಅದರ ಸಹಾಯಕ. ಕೇವಲ ಎಡಬಲಗಳನ್ನು ಹೇಳದೆ, ಮೆಟ್ಟಿಲು, ಬಾಗಿಲು ಮೊದಲಾದ ಗುರುತುಗಳನ್ನೂ ಹೇಳಬೇಕೆಂಬುದು ಅದರ ವಿವೇಕ. ದೋಷವಿರುವುದು ಅದರ ಹುಟ್ಟಿನಲ್ಲಿ. ಇದಕ್ಕೆ ಮೂಲವಾದ ವೇಫೈಂಡರ್ ಎಂಬ ಯೋಜನೆಯ ಪ್ರಯೋಗವು 2015ರಲ್ಲಿ ಲಂಡನ್ನಿನ ಪಿಮ್ಲಿಕೊ ಸುರಂಗ ರೈಲು ನಿಲ್ದಾಣದಲ್ಲಿ ನಡೆಯಿತು. ಅಂಥ ನಿಲ್ದಾಣದಲ್ಲಿ ಪ್ರತಿಯೊಂದು ದ್ವಾರಕ್ಕೂ ಸ್ಥಿರವಾದ ಹೆಸರುಂಟು, ಆ ಹೆಸರನ್ನು ಎಲ್ಲರೂ ಒಂದೇ ಭಾಷೆಯಲ್ಲಿ ಬಲ್ಲರು. ಹೆಸರಿರುವ ಕಟ್ಟಡವನ್ನು ಅದು ಸಿದ್ಧವಸ್ತುವೆಂದು ಭಾವಿಸಿಕೊಂಡಿದೆ. ನಮ್ಮಲ್ಲಿ ಮೊದಲು ಸಿದ್ಧವಾಗಬೇಕಾದುದು ಅದೇ. ಭಾರತೀಯ ಮಾರ್ಗಸೂಚಿಗಳಾದರೂ ಮುಖ್ಯವಾಗಿ ಅಳತೆಯ ಗ್ರಂಥ: ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಮುಂತಾದ ವಿಧಿಗಳು ಅದರಲ್ಲಿ ಹೇರಳವಾಗಿವೆ. ಚಕ್ರಕುರ್ಚಿಯಲ್ಲಿ ಚಲಿಸುವವರಿಗೆ ಈ ಅಳತೆಯೇ ಪ್ರಾಣ. ದೃಷ್ಟಿಹೀನರಿಗೋ, ಅಳತೆಯ ಜತೆಗೆ ಹೆಸರೂ ಬೇಕು.

ಹೆಸರೆಂದರೆ ಯಾವ ಹೆಸರು? ಸರಕಾರಿ ಫಲಕವು 'ಆಸ್ಪತ್ರೆ' ಎನ್ನುವುದು, 'ಕೊಠಡಿ' ಎನ್ನುವುದು. ಇಲ್ಲಿಯ ಜನರಾದರೋ 'ದವಾಖಾನೆ'ಗೆ ಹೋಗುತ್ತಾರೆ, 'ಖೋಲಿ'ಯಲ್ಲಿ ಕೂಡುತ್ತಾರೆ. ಈ ಎರಡು ಮಾತುಗಳೂ ಮರಾಠಿಯಲ್ಲಿ ಉಂಟು, ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಉಂಟು. ಮನೆಯ ಉದ್ದವನ್ನು ಕಂಬದಿಂದ ಕಂಬಕ್ಕೆ ಎಣಿಸುವ 'ಖಣ' ಎಂಬ ಮಾತೂ ಹಾಗೆಯೇ ಎರಡಕ್ಕೂ ಸಾಧಾರಣ. ಕನ್ನಡದಲ್ಲಿ ಇದಕ್ಕೆ 'ಅಂಕಣ'ವೆಂಬ ಸೋದರ ಶಬ್ದವೂ ಇದೆ. ಕಂಬಗಳುಳ್ಳ ಮೊಗಸಾಲೆಯಲ್ಲಿ ಕೋಲಿಡಿದು ನಡೆಯುವವನಿಗೆ 'ಎಂಟು ಮೀಟರು ಮುಂದೆ' ಎಂಬುದಕ್ಕಿಂತ 'ಮೂರು ಖಣ ಮುಂದೆ' ಎಂಬುದು ಸ್ಪಷ್ಟ. ಕಂಬವನ್ನು ಕೋಲು ಎಣಿಸಬಲ್ಲದು, ಮೀಟರನ್ನು ಎಣಿಸಲಾರದು. ದಿಕ್ಕಿನ ಮಾತುಗಳಲ್ಲಿ ಮಾತ್ರ ಈ ಸಾಮ್ಯವಿಲ್ಲ: ಕನ್ನಡದ ಎಡಬಲಗಳು ಮರಾಠಿಯಲ್ಲಿ 'ಡಾವೀಕಡೆ', 'ಉಜವೀಕಡೆ' ಆಗುವುವು. ಆದ್ದರಿಂದ ಈ ಸೀಮೆಯ ಮಾರ್ಗದರ್ಶಕವು ದಿಕ್ಕಿಗಿಂತ ವಸ್ತುವನ್ನು ಹೆಚ್ಚಾಗಿ ಅವಲಂಬಿಸುವುದು ಯುಕ್ತ.

ಇದಕ್ಕಿಂತ ಮಹತ್ವದ ಸಂಗತಿಯು ಬ್ರೈಲ್ ಲಿಪಿಯಲ್ಲಿದೆ. 1951ರಲ್ಲಿ ನೆಲೆಗೊಂಡ ಭಾರತಿ ಬ್ರೈಲ್ ಭಾರತೀಯ ಭಾಷೆಗಳಿಗೆ ಸಾಮಾನ್ಯವಾದುದು; ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಅದರಲ್ಲಿ ಚುಕ್ಕೆಗಳು ಒಂದೇ. ಹ್ರಸ್ವವಾದ ಎ, ಒ ಮುಂತಾದ ಕೆಲವೆಡೆ ಮಾತ್ರ ಭೇದವುಂಟು. ಇದನ್ನು ನಮ್ಮ ಊರುಗಳ ಹೆಸರಿನಲ್ಲಿಯೇ ಪರೀಕ್ಷಿಸಬಹುದು. 'ರಾಯಬಾಗ' ಎಂಬುದನ್ನು ಕನ್ನಡದವನು ಬರೆದರೂ ಮರಾಠಿಯವನು ಬರೆದರೂ ಬೆರಳಿಗೆ ಸಿಕ್ಕುವುದು ಅದೇ ಆರು ಕೋಶಗಳು. 'ಕಾಗವಾಡ'ವೂ ಹಾಗೆಯೇ. 'ಅಥಣಿ'ಯಲ್ಲಿ ಕಡೆಯ ಸ್ವರವು ಕನ್ನಡಕ್ಕೆ ಹ್ರಸ್ವ, ಮರಾಠಿಗೆ ದೀರ್ಘ. ಭೇದವು ಒಂದು ಕೋಶದ್ದು. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಒತ್ತಕ್ಷರದಿಂದ ಭೇದವು ತುಸು ಹೆಚ್ಚು. ಅಂಕಿಗಳಲ್ಲಿಯಂತೂ ಭೇದವೇ ಇಲ್ಲ. ಹೀಗೆ, ಫಲಕದ ಲಿಪಿಗಾಗಿ ಬಹುಕಾಲ ವಾದ ನಡೆದಿರುವ ಗಡಿಯಲ್ಲಿ, ಕಣ್ಣಿಗೆ ಎರಡಾಗಿ ಕಾಣುವುದು ಬೆರಳಿಗೆ ಬಹುಮಟ್ಟಿಗೆ ಒಂದೇ ಆಗಿದೆ. ಖೋಲಿಯ ಸಂಖ್ಯೆಯನ್ನು ಬಾಗಿಲಿನ ಚಿಲಕದ ಮಗ್ಗುಲಲ್ಲಿ, ಎಲ್ಲ ಕಟ್ಟಡಗಳಲ್ಲಿಯೂ ಒಂದೇ ಎತ್ತರದಲ್ಲಿ, ಬ್ರೈಲಿನಲ್ಲಿ ಬರೆದರೆ, ಬೀಕನ್ನು ತಪ್ಪಿದ ಆ ಕೊನೆಯ ಒಂದೆರಡು ಮೀಟರುಗಳನ್ನು ಬೆರಳು ತಿದ್ದಿಕೊಳ್ಳುವುದು. ಬ್ರೈಲ್ ಬಾರದವರಿಗೆ, ವಿಶೇಷವಾಗಿ ಪ್ರಾಯ ಕಳೆದ ಮೇಲೆ ದೃಷ್ಟಿಯನ್ನು ಕಳೆದುಕೊಂಡವರಿಗೆ, ಉಬ್ಬಿದ ಸಾಮಾನ್ಯ ಅಂಕಿಯನ್ನೂ ಜತೆಗಿಡಬೇಕು.

ಯಂತ್ರವು ತಾನೇ ಭಾಷಾಂತರಿಸುವಾಗ ಈ ಚರ್ಚೆಯೇಕೆ ಎಂದು ಕೆಲವರು ಕೇಳಬಹುದು. ಕೈಫೋನುಗಳು ಈಗ ಕನ್ನಡವನ್ನೂ ಮರಾಠಿಯನ್ನೂ ಉಚ್ಚರಿಸಬಲ್ಲವೆಂಬುದು ನಿಜ. ಆದರೆ ಯಾರೂ ಇಡದ ಹೆಸರನ್ನು ಯಾವ ಯಂತ್ರವೂ ಭಾಷಾಂತರಿಸಲಾರದು. ಖೋಲಿಯು ಬದಲಾದಾಗ ಯಾದಿಯನ್ನು ತಿದ್ದುವವರಿಲ್ಲದಿದ್ದರೆ, ಬೀಕನ್ನಿನ ಬ್ಯಾಟರಿ ತೀರಿದಾಗ ಬದಲಿಸುವವರಿಲ್ಲದಿದ್ದರೆ, ಯಂತ್ರವು ಸುಳ್ಳು ಹೇಳುವುದು ಇಲ್ಲವೆ ಸುಮ್ಮನಾಗುವುದು. ಜಪಾನದಲ್ಲಿ ಸೇಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದು, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಸಿದ ಉಬ್ಬುಹಾಸು ಇಂದಿಗೂ ಜಗತ್ತಿನಲ್ಲೆಲ್ಲ ನಿಂತಿರುವುದಕ್ಕೆ ಕಾರಣವಿಷ್ಟೆ: ಅದಕ್ಕೆ ವಿದ್ಯುತ್ತು ಬೇಡ, ಭಾಷೆಯೂ ಬೇಡ. ಗೆರೆಯಿದ್ದರೆ ನಡೆ, ಚುಕ್ಕೆಯಿದ್ದರೆ ನಿಲ್ಲು. ಆದುದರಿಂದ ಕ್ರಮವು ಹೀಗಿರಬೇಕೆಂದು ನಮಗೆ ತೋರುತ್ತದೆ: ಮೊದಲು ಖೋಲಿಗಳ ಸಂಖ್ಯೆ ಮತ್ತು ಜನಬಳಕೆಯ ಹೆಸರುಗಳ ಯಾದಿ; ಬಳಿಕ ಉಬ್ಬುಹಾಸು ಮತ್ತು ಬ್ರೈಲ್ ಫಲಕ; ಕಡೆಗೆ ಯಂತ್ರ.

ಇದು ಕೇವಲ ಔದಾರ್ಯದ ಮಾತಲ್ಲ. ವಿಕಲಾಂಗ ವ್ಯಕ್ತಿಗಳ ಹಕ್ಕುಗಳ 2016ರ ಕಾಯಿದೆಯು, ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಹೊರಟ ಐದು ವರ್ಷಗಳೊಳಗಾಗಿ ಸುಗಮ್ಯಗೊಳಿಸಬೇಕೆಂದು ವಿಧಿಸಿತು. ನಿಯಮಗಳು ಹೊರಟುದು 2017ರ ಜೂನ್ 15ರಂದು; ಅವಧಿಯು 2022ರಲ್ಲಿಯೇ ತೀರಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ, ಸುಗಮ್ಯತೆಯನ್ನು ಬರಿಯ ಸಲಹೆಯ ರೂಪದ ಮಾರ್ಗಸೂಚಿಗಳಿಗೆ ಬಿಟ್ಟ ನಿಯಮವು ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯದ ವಿಧಿಗಳನ್ನು ಮೂರು ತಿಂಗಳೊಳಗೆ ರಚಿಸಲು ಆಜ್ಞಾಪಿಸಿತು.

ಕೇಳಿದರೆ ದಾರಿ ಹೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಯಂತ್ರದ ಅಗತ್ಯವೇನು ಎಂಬ ಮಾತೂ ಕೇಳಿಬರುವುದುಂಟು. ಜನರ ಸೌಜನ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದವಾಖಾನೆಯಲ್ಲಿ ದಾರಿ ಕೇಳುವುದೆಂದರೆ ಬೇನೆಯನ್ನು ಹೇಳುವುದು. ಕ್ಷಯದ ಪರೀಕ್ಷೆಗೋ, ಎಚ್‌ಐವಿಯ ಸಲಹೆಗೋ, ಬಸುರಿನ ಚಿಕಿತ್ಸೆಗೋ ಬಂದ ಕಣ್ಣಿಲ್ಲದ ಹೆಂಗಸು ಪಡಸಾಲೆಯ ಅಪರಿಚಿತನೊಬ್ಬನಿಗೆ ತನ್ನ ಗುಟ್ಟನ್ನು ಕೊಟ್ಟು ದಾರಿಯನ್ನು ಕೊಳ್ಳಬೇಕಾಗುತ್ತದೆ. ಕಣ್ಣುಳ್ಳವಳು ಬಾಗಿಲ ಮೇಲಿನ ಅಂಕಿಯನ್ನು ನೋಡಿ ಸುಮ್ಮನೆ ಒಳಗೆ ಹೋಗುವಳು. ಅದೇ ಅಂಕಿಯು ಬೆರಳಿಗೂ ಸಿಕ್ಕುವಂತೆ ಮಾಡುವುದಕ್ಕೆ ದೊಡ್ಡ ವೆಚ್ಚವೂ ಬೇಡ, ಹೊಸ ಯಂತ್ರವೂ ಬೇಡ. ಐದು ತಾಲೂಕುಗಳ ಕಚೇರಿ, ದವಾಖಾನೆಗಳಲ್ಲಿ ಈ ಕೆಲಸವು ನಾಳೆಯೇ ಆರಂಭವಾಗಬಹುದು.