ಹೆಂಡದ ಮಾರಯ್ಯನ ಮಡಕೆ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ತಿರುಗುತ್ತದೆ. ಕಳೆದ ಸಲ ಆ ದಾರಿಯಲ್ಲಿ ನಾನು ಓದುತ್ತಿದ್ದದ್ದು ಹೆಂಡದ ಮಾರಯ್ಯನ ವಚನಗಳನ್ನು. ಹೆಂಡ ಮಾರುವ ಕಾಯಕದ ಈ ಶರಣನ ವಚನಗಳಲ್ಲಿ ಉಳಿದಿರುವುದು ಕೆಲವೇ, ಅಂಕಿತ ಧರ್ಮೇಶ್ವರಲಿಂಗ. ಒಂದರಲ್ಲಿ ಅವನು, ತಾನು ಮಾರಲು ತಂದ ಸುಧೆಗೆ ಗಿರಾಕಿಗಳೇ ಇಲ್ಲ ಎಂದು ಹೇಳಿಕೊಳ್ಳುತ್ತಾನೆ. ಅದನ್ನು ನಾನು ಬಹಳ ಕಾಲ ಬರೀ ರೂಪಕವೆಂದೇ ಓದಿದ್ದೆ: ಸುಧೆ ಎಂದರೆ ಅನುಭಾವ, ಗಿರಾಕಿ ಎಂದರೆ ಲೋಕ.

ಪಕ್ಕದಲ್ಲಿ ಕೂತಿದ್ದ ಅಜ್ಜ ಎಳೆತನದಲ್ಲಿ ಈಚಲ ಮರ ಹತ್ತಿದವರು. ವಿಷಯ ಹೇಳಿದಾಗ ನಕ್ಕರು: "ಮುಂಜಾನಿ ಇಳಿಸಿದ್ದು ಸಂಜೀಕ ಹುಳಿ ಆಗ್ತದರಿ. ಗಿರಾಕಿ ಬರಲಿಲ್ಲಂದ್ರ ಮಾಲು ಕಾಯಂಗಿಲ್ಲ."

ಆ ಒಂದು ಮಾತು ವಚನದ ಕಾಲವನ್ನೇ ಬದಲಿಸಿತು. ಈಚಲ ರಸಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಮರದಲ್ಲಿ, ಗಾಳಿಯಲ್ಲಿ, ಹಳೆಯ ಮಡಕೆಯ ಒಳಮೈಯಲ್ಲಿ ಇರುವ ಯೀಸ್ಟ್ ತಾನಾಗಿ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಬ್ಯಾಕ್ಟೀರಿಯಾ ಹುಳಿ ತರುತ್ತದೆ. ಮಾರಯ್ಯನ ಅಳಲು ವೈರಾಗ್ಯವಷ್ಟೇ ಅಲ್ಲ, ಅವಸರವೂ ಹೌದು. ಸುಧೆಗೆ ಆಯುಷ್ಯ ಒಂದೇ ಹಗಲು.

ಇಂಥ ಜೀವವನ್ನು ಕಾಪಿಡುವುದನ್ನು ವಿಜ್ಞಾನ ಕಲಿತಿದೆ. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಇಂದು ಪುಣೆಯಲ್ಲಿ, ಚಂಡೀಗಢದಲ್ಲಿ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹಗಳಿವೆ. ಹಿಂದೆ ಅಗರ್ ಮೇಲೆ ಮತ್ತೆ ಮತ್ತೆ ಮರುನೆಡುತ್ತಿದ್ದರು. ಪ್ರತಿ ಸಲವೂ ಜೀವ ಸ್ವಲ್ಪ ಬದಲಾಗುವ ಅಪಾಯ. ಈಗ ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ, ಅಥವಾ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ, ಡಿಎನ್‌ಎ ಓದಿ ಗುರುತು ಖಚಿತ ಮಾಡಿಕೊಳ್ಳುತ್ತಾರೆ.

ವಚನಗಳ ಕಥೆಯೂ ಇದಕ್ಕೆ ಹತ್ತಿರದ್ದೇ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಮರುನೆಟ್ಟಾಗಲೆಲ್ಲ ಪಾಠ ಕದಲಿತು. ಮನೆಮನೆಯ ಓಲೆಗರಿ ಹುಡುಕಿದ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದದ್ದು 1923ರಲ್ಲಿ. ಕರ್ನಾಟಕ ಸರ್ಕಾರದ ಹದಿನೈದು ಸಂಪುಟಗಳು 1993ರಲ್ಲಿ. ಈಗ ಗಣಕದಲ್ಲಿ ಒಂದು ಪದ ಒತ್ತಿದರೆ ಅದಿರುವ ವಚನಗಳೆಲ್ಲ ಮುಂದೆ ನಿಲ್ಲುತ್ತವೆ.

ಆದರೆ ಹೋಲಿಕೆ ಇಲ್ಲಿಗೆ ಸಾಕು. ಹ್ಯಾನ್ಸನ್ನನಿಗೆ ಒಂದು ಮೂಲಕೋಶವಿತ್ತು; ಮಾರಯ್ಯನ ಕೈಬರಹದ ಓಲೆ ನಮಗಿಲ್ಲ. ಆದ್ದರಿಂದ 'ಶುದ್ಧ ಪಾಠ'ದ ಹಟಕ್ಕಿಂತ ಪಾಠಾಂತರಗಳನ್ನೂ ಜೋಪಾನ ಮಾಡುವುದು ಮೇಲು.

ಇನ್ನೊಂದು ಮಾತು. ಹೆಪ್ಪುಗಟ್ಟಿದ ಯೀಸ್ಟ್ ಸತ್ತಿಲ್ಲ, ಆದರೆ ಕೆಲಸವನ್ನೂ ಮಾಡುವುದಿಲ್ಲ. ಅದನ್ನು ಎಬ್ಬಿಸಲು ತಕ್ಕ ಆಹಾರ ಬೇಕು. ಅಚ್ಚಿನಲ್ಲಿ ಮಲಗಿದ ವಚನವನ್ನು ಎಬ್ಬಿಸುವುದು ಕಾಯಕದ ತಿಳಿವಳಿಕೆ: ಮಡಕೆಯ ವಾಸನೆ, ಹಗಲಿನ ಲೆಕ್ಕ, ಗಿರಾಕಿಯ ದಾರಿ ಕಾಯುವ ಕಣ್ಣು. ನಾವು ಮಾರಯ್ಯನನ್ನು ಅನುಭಾವಿಯಾಗಿ ಗೌರವಿಸುವ ಭರದಲ್ಲಿ ಅವನ ಮಡಕೆಯನ್ನು ತೊಳೆದಿಟ್ಟಿದ್ದೇವೆ. ತೊಳೆದ ಮಡಕೆಯಲ್ಲಿ ಹೆಂಡ ಬೇಗ ಹುಟ್ಟುವುದಿಲ್ಲ.

ಅಜ್ಜ ಕಲ್ಯಾಣದಲ್ಲಿ ಇಳಿದುಹೋದರು. ಸಂಪುಟದಲ್ಲಿ ಆ ವಚನದ ಪಕ್ಕ ಅವರ ಮಾತನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಅಂಥ ಟಿಪ್ಪಣಿ ಹೇಳಬಲ್ಲವರು ಬಹಳ ಮಂದಿ ಉಳಿದಿಲ್ಲ. ವಚನ ಓದುವ ವಿದ್ಯಾರ್ಥಿಗಳು ಅವರನ್ನೂ ಒಮ್ಮೆ ಕೇಳಬೇಕು, ಹಗಲು ಮುಗಿಯುವ ಮೊದಲು.