ಲಿಯರ್ ನಾಟಕದ ಮುಕ್ತಾಯ ವಿಚಾರ

ಷೇಕ್ಸ್‌ಪಿಯರ್ ಮಹಾಕವಿಯ 'ಕಿಂಗ್ ಲಿಯರ್' ನಾಟಕದ ಕಡೆಯ ರಂಗವು ಮೂರು ಶತಮಾನಗಳಿಗೂ ಮೇಲ್ಪಟ್ಟು ವಿಮರ್ಶಕರಿಗೆ ತೊಡಕಾಗಿಯೇ ಉಳಿದಿದೆ. ವೃದ್ಧರಾಜನು ತನ್ನ ಕಿರಿಯ ಮಗಳ ಕಳೇಬರವನ್ನು ತೋಳುಗಳಲ್ಲಿ ಹೊತ್ತು ರಂಗಕ್ಕೆ ಬರುತ್ತಾನೆ. ಆಕೆಯಲ್ಲಿ ಉಸಿರುಂಟೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ. ಕೊಂಚ ಹೊತ್ತಿನಲ್ಲಿಯೇ ತಾನೂ ಪ್ರಾಣ ಬಿಡುತ್ತಾನೆ. ಇಂತಹ ಮುಕ್ತಾಯಕ್ಕೆ ಅರ್ಥವೇನು? ಲೋಕದಲ್ಲಿ ಧರ್ಮವೆಂಬುದೇ ಇಲ್ಲವೆಂದು ಕವಿಯು ಸಾರುತ್ತಾನೆಯೆ? ಅಥವಾ ದುಃಖದಿಂದ ಪರಿಶುದ್ಧವಾದ ಜೀವವೊಂದು ಆನಂದದಲ್ಲಿ ಅಡಗಿತೆಂದು ತಿಳಿಯಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಕಥೆಯು ಕವಿಗೆ ಯಾವ ರೂಪದಲ್ಲಿ ದೊರೆಯಿತೆಂಬುದು ಒಂದು. ನಾಟಕವು ವಾಚಕರಿಗೆ ಯಾವ ರೂಪದಲ್ಲಿ ದೊರೆತಿದೆಯೆಂಬುದು ಇನ್ನೊಂದು.

ಲಿಯರ್ ರಾಜನ ಕಥೆಯು ಷೇಕ್ಸ್‌ಪಿಯರನ ಕಲ್ಪನೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಮನ್‌ಮತ್‌ನ ಜೆಫ್ರಿಯು ಲ್ಯಾಟಿನ್ ಭಾಷೆಯಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ ಅದು ಬರುತ್ತದೆ. ಕವಿಯ ಕಾಲಕ್ಕೆ ಹಾಲಿನ್‌ಷೆಡ್ಡನ ಇತಿಹಾಸದಲ್ಲಿಯೂ, ಸ್ಪೆನ್ಸರನ 'ಫೇರಿ ಕ್ವೀನ್' ಕಾವ್ಯದ ಎರಡನೆಯ ಕಾಂಡದಲ್ಲಿಯೂ ಅದು ಪ್ರಸಿದ್ಧವಾಗಿತ್ತು. ಈ ಎಲ್ಲ ಕಡೆಗಳಲ್ಲಿಯೂ ಲಿಯರನು ಕಿರಿಯ ಮಗಳ ಸೈನ್ಯದ ಸಹಾಯದಿಂದ ರಾಜ್ಯವನ್ನು ಮರಳಿ ಪಡೆದು, ಕೆಲವು ವರ್ಷ ಆಳಿ, ಕಾಲಾಧೀನನಾಗುತ್ತಾನೆ. ಮಗಳಿಗೆ ದುರ್ಮರಣವು ಪ್ರಾಪ್ತವಾಗುವುದು ತಂದೆಯ ಕಾಲಾನಂತರ. ಸೋದರಿಯರ ಮಕ್ಕಳ ಸೆರೆಯಲ್ಲಿ ಆಕೆ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ. ೧೬೦೫ರಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ ಹಳೆಯ 'ಲಿಯರ್' ನಾಟಕದಲ್ಲಿಯಾದರೋ ರಾಜನು ಸಿಂಹಾಸನವನ್ನು ಪಡೆಯುವುದರೊಡನೆ ಕಥೆಯು ಮಂಗಳವಾಗಿ ಮುಗಿಯುತ್ತದೆ. ತಂದೆಯ ಕಣ್ಣೆದುರಿಗೆ ಮಗಳು ಹೆಣವಾಗುವ ಈ ಮುಕ್ತಾಯವು ಆಕರಗಳಲ್ಲಿ ಎಲ್ಲಿಯೂ ಇಲ್ಲ. ಅದು ಕವಿಯು ಬೇಕೆಂದೇ ತಂದುಕೊಂಡದ್ದು. ಆದುದರಿಂದ ಇದನ್ನು ಕಥೆಯ ನಿರ್ಬಂಧವೆಂದು ಹೇಳಿ ತಳ್ಳಿಬಿಡುವುದಕ್ಕೆ ಆಗುವುದಿಲ್ಲ.

ಕವಿಯು ಮಾಡಿದ ಈ ಮಾರ್ಪಾಟನ್ನು ಮುಂದಿನ ಕಾಲದವರು ಸಹಿಸಲಾರದೆ ಹೋದರು. ೧೬೮೧ರಲ್ಲಿ ನೇಹಮ್ ಟೇಟ್ ಎಂಬ ಕವಿಯು ನಾಟಕವನ್ನು ತಿದ್ದಿ ಬರೆದನು. ಅದರಲ್ಲಿ ವಿದೂಷಕನಿಲ್ಲ, ಫ್ರಾನ್ಸ್ ದೇಶದ ರಾಜನಿಲ್ಲ. ಕಾರ್ಡೀಲಿಯಳು ಎಡ್ಗರನನ್ನು ಪ್ರೀತಿಸಿ ಕಡೆಗೆ ಅವನ ಕೈಹಿಡಿಯುತ್ತಾಳೆ. ಲಿಯರನು ರಾಜ್ಯವನ್ನು ಅವರಿಗೊಪ್ಪಿಸಿ ವಿಶ್ರಾಂತಿಯನ್ನು ಹೊಂದುತ್ತಾನೆ. ಸುಮಾರು ಒಂದೂವರೆ ಶತಮಾನದ ಕಾಲ ಇಂಗ್ಲೆಂಡಿನ ರಂಗಭೂಮಿಯಲ್ಲಿ ಮೆರೆದದ್ದು ಈ ರೂಪವೇ. ೧೭೧೧ರಲ್ಲಿ ಆಡಿಸನ್ನನು 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಈ ತಿದ್ದುಪಡಿಯಿಂದ ನಾಟಕದ ಅರ್ಧ ಸೊಬಗು ಹೋಯಿತೆಂದು ಆಕ್ಷೇಪಿಸಿದನಾದರೂ ಜನರ ಅಭಿರುಚಿ ಬದಲಾಗಲಿಲ್ಲ. ೧೭೬೫ರಲ್ಲಿ ಕವಿಯ ನಾಟಕಗಳನ್ನು ಸಂಪಾದಿಸಿದ ಡಾಕ್ಟರ್ ಜಾನ್ಸನ್ನನು ಜನರ ಪಕ್ಷವನ್ನೇ ಹಿಡಿದನು. ಕಾರ್ಡೀಲಿಯಳ ಮರಣವು ತನ್ನ ಮನಸ್ಸನ್ನು ಎಷ್ಟು ಘಾತಿಸಿತೆಂದರೆ, ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೆ ಕಡೆಯ ರಂಗಗಳನ್ನು ಮತ್ತೆ ಓದುವ ಧೈರ್ಯವಾಗಲಿಲ್ಲವೆಂದು ಒಪ್ಪಿಕೊಂಡನು. ೧೮೨೩ರಲ್ಲಿ ಎಡ್ಮಂಡ್ ಕೀನನು ದುಃಖಾಂತವನ್ನು ರಂಗಕ್ಕೆ ಮರಳಿ ತಂದನು. ೧೮೩೮ರಲ್ಲಿ ಮ್ಯಾಕ್ರೀಡಿಯು ವಿದೂಷಕನನ್ನೂ ಸೇರಿಸಿ ಮೂಲದ ರೂಪವನ್ನು ಬಹುಮಟ್ಟಿಗೆ ಉದ್ಧರಿಸಿದನು.

ಟೇಟನನ್ನು ಹಾಸ್ಯಮಾಡುವುದು ಈಗ ಸುಲಭ. ಆದರೆ ಜಾನ್ಸನ್ನನಂತಹ ಗಂಭೀರ ವಿದ್ವಾಂಸನ ವೇದನೆಯನ್ನು ಹಾಸ್ಯದಿಂದ ತಳ್ಳಿಹಾಕಲಾಗದು. ನಾಟಕವು ತನ್ನ ಪಾತ್ರಗಳ ಬಾಯಿಂದಲೇ ದೇವತೆಗಳ ನ್ಯಾಯವನ್ನು ಮತ್ತೆ ಮತ್ತೆ ಹೊಗಳಿಸುತ್ತದೆ. ಆಲ್ಬನಿಯ ಪ್ರಭುವು ಕಾರ್ಡೀಲಿಯಳನ್ನು ದೇವತೆಗಳು ಕಾಪಾಡಲೆಂದು ಪ್ರಾರ್ಥಿಸಿ ಬಾಯಿ ಮುಚ್ಚುವುದರೊಳಗಾಗಿಯೇ ಲಿಯರನು ಆಕೆಯ ಶವದೊಡನೆ ಪ್ರವೇಶಿಸುತ್ತಾನೆ. ಪ್ರಾರ್ಥನೆಗೂ ಪ್ರವೇಶಕ್ಕೂ ಇರುವ ಈ ಸಾಮೀಪ್ಯವು ಆಕಸ್ಮಿಕವಲ್ಲ. ಅದನ್ನು ಕಂಡು ನೋಯದೆ ಇರುವ ಓದುಗನಿಗಿಂತ ನೊಂದು ಪುಸ್ತಕವನ್ನು ಮುಚ್ಚಿದ ಜಾನ್ಸನ್ನನು ನಾಟಕಕ್ಕೆ ಹೆಚ್ಚು ಹತ್ತಿರದವನು.

ಇನ್ನು ಪಾಠದ ವಿಚಾರ. ನಾಟಕವು ೧೬೦೬ನೆಯ ಡಿಸೆಂಬರ್ ೨೬ರಂದು ವೈಟ್‌ಹಾಲ್ ಅರಮನೆಯಲ್ಲಿ ಜೇಮ್ಸ್ ದೊರೆಯ ಮುಂದೆ ಪ್ರಯೋಗಗೊಂಡಿತು. ಅದು ಮೊದಲು ಕ್ವಾರ್ಟೊ ಆಕಾರದಲ್ಲಿ ಅಚ್ಚಾದುದು ೧೬೦೮ರಲ್ಲಿ. ಕವಿಯ ಮರಣಾನಂತರ ೧೬೨೩ರ ಫೋಲಿಯೊ ಸಂಪುಟದಲ್ಲಿ ಅದು ಮತ್ತೆ ಬಂದಿತು. ಮೊದಲನೆಯದರ ಸುಮಾರು ೩೦೦ ಪಂಕ್ತಿಗಳು ಎರಡನೆಯದರಲ್ಲಿ ಇಲ್ಲ. ಎರಡನೆಯದರ ಸುಮಾರು ೧೦೦ ಪಂಕ್ತಿಗಳು ಮೊದಲನೆಯದರಲ್ಲಿ ಇಲ್ಲ. ಹದಿನೆಂಟನೆಯ ಶತಮಾನದಿಂದ ಸಂಪಾದಕರು ಎರಡನ್ನೂ ಬೆರೆಸಿ ಒಂದೇ ಪಾಠವನ್ನು ಕಟ್ಟುತ್ತ ಬಂದರು. ೧೯೮೬ರಲ್ಲಿ ಆಕ್ಸ್‌ಫರ್ಡಿನ ಸಂಪಾದಕರು ಇವು ಕವಿಯೇ ಬರೆದು ಮತ್ತೆ ತಿದ್ದಿದ ಎರಡು ಬೇರೆ ನಾಟಕಗಳೆಂಬ ಅಭಿಪ್ರಾಯದಿಂದ ಎರಡನ್ನೂ ಪ್ರತ್ಯೇಕವಾಗಿ ಮುದ್ರಿಸಿದರು. ಈ ಅಭಿಪ್ರಾಯವನ್ನು ಎಲ್ಲರೂ ಅಂಗೀಕರಿಸಿಲ್ಲ. ಆದರೂ ಭೇದಗಳು ಗಣನೀಯವಾದವುಗಳೆಂಬುದರಲ್ಲಿ ವಿವಾದವಿಲ್ಲ.

ಕಡೆಯ ರಂಗದಲ್ಲಿ ಈ ಭೇದವು ಅತ್ಯಂತ ಮುಖ್ಯವಾಗುತ್ತದೆ. ಕ್ವಾರ್ಟೊದಲ್ಲಿ ಲಿಯರನು ಗುಂಡಿಯನ್ನು ಬಿಚ್ಚೆಂದು ಬೇಡಿ, ವಂದನೆಯನ್ನು ಹೇಳಿ, ನರಳುತ್ತಾನೆ. ತನ್ನ ಹೃದಯವು ಒಡೆಯಲೆಂದು ತಾನೇ ಕೇಳಿಕೊಂಡು ಸಾಯುತ್ತಾನೆ. ಫೋಲಿಯೊದಲ್ಲಿ ಆ ನರಳಾಟವಿಲ್ಲ. ಹೃದಯವು ಒಡೆಯಲೆಂಬ ಮಾತು ಸೇವಕನಾದ ಕೆಂಟನದಾಗಿದೆ. ಲಿಯರನಿಗಾದರೋ ಬೇರೊಂದು ಮಾತು ದೊರೆತಿದೆ: ಮಗಳ ಮುಖವನ್ನು, ಅದರಲ್ಲಿಯೂ ಆಕೆಯ ತುಟಿಗಳನ್ನು ನೋಡಿರೆಂದು ಸುತ್ತಲಿನವರಿಗೆ ತೋರಿಸುತ್ತ ಅವನು ಮಡಿಯುತ್ತಾನೆ. ನಾಟಕದ ಕೊನೆಯ ನುಡಿಯು ಕೂಡ ಕ್ವಾರ್ಟೊದಲ್ಲಿ ಆಲ್ಬನಿಯದು, ಫೋಲಿಯೊದಲ್ಲಿ ಎಡ್ಗರನದು.

೧೯೦೪ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಎ. ಸಿ. ಬ್ರ್ಯಾಡ್ಲೆ ಪಂಡಿತರು ಫೋಲಿಯೊದ ಈ ಮಾತನ್ನು ಆಧರಿಸಿ, ಮಗಳು ಬದುಕಿದಳೆಂಬ ಭ್ರಾಂತಿಯಿಂದ ಲಿಯರನು ತಡೆಯಲಾರದ ಹರ್ಷದಲ್ಲಿ ಪ್ರಾಣಬಿಟ್ಟನೆಂದು ವ್ಯಾಖ್ಯಾನಿಸಿದರು. ಅನಂತರದ ಕೆಲವರು ಇದನ್ನು ಒಪ್ಪಿದರು. ಮತ್ತೆ ಕೆಲವರು ಭ್ರಾಂತಿಯ ಹರ್ಷವು ಕ್ರೌರ್ಯವನ್ನು ಹೆಚ್ಚಿಸುವುದೇ ಹೊರತು ತಗ್ಗಿಸುವುದಿಲ್ಲವೆಂದು ವಾದಿಸಿದರು. ಎರಡು ಪಕ್ಷಗಳೂ ಲಿಯರನ ಕಡೆಯ ಕ್ಷಣದ ಭಾವವು ಯಾವುದೆಂದು ನಿರ್ಣಯಿಸಲು ಹೊರಟಿವೆ. ಆದರೆ ನಾಟಕವು ಆ ಭಾವಕ್ಕೆ ಹೆಸರಿಡುವುದಿಲ್ಲ. ಅವನು ಏನನ್ನು ಕಂಡನೆಂಬುದನ್ನು ಹೇಳದೆ, ಎಲ್ಲಿ ನೋಡಿದನೆಂಬುದನ್ನು ಮಾತ್ರ ಅದು ಹೇಳುತ್ತದೆ. ಆದುದರಿಂದ ವಿಮರ್ಶೆಯು ತುಟಿಗಳಿಂದಲೇ ಹೊರಡುವುದು ಯುಕ್ತವಾಗಿದೆ.

ಆ ತುಟಿಗಳು ನಾಟಕದ ಮೊದಲ ರಂಗದಲ್ಲಿ ಮಾಡಿದುದೇನು? ರಾಜನು ರಾಜ್ಯವನ್ನು ಮೂರು ಪಾಲು ಮಾಡಿ, ಯಾರಿಗೆ ತನ್ನಲ್ಲಿ ಹೆಚ್ಚು ಪ್ರೀತಿಯೋ ಅವರಿಗೆ ಹೆಚ್ಚಿನ ಪಾಲೆಂದು ಸಾರುತ್ತಾನೆ. ಹಿರಿಯರಿಬ್ಬರೂ ಅಳತೆಗೆ ಮೀರಿದ ಪ್ರೀತಿಯನ್ನು ನುಡಿದು ನಾಡಿನ ಅಳತೆಗಳನ್ನು ಪಡೆಯುತ್ತಾರೆ. ಕಿರಿಯಳು ಹೇಳುವುದಕ್ಕೆ ಏನೂ ಇಲ್ಲವೆನ್ನುತ್ತಾಳೆ. ಗಮನಿಸಬೇಕಾದುದೇನೆಂದರೆ, ಆಕೆಯೂ ಆಗ ಅಳತೆಯ ಭಾಷೆಯನ್ನು ಬಿಟ್ಟಿರುವುದಿಲ್ಲ: ಕರ್ತವ್ಯವಿದ್ದಷ್ಟು ಪ್ರೀತಿ, ಅದಕ್ಕೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಮದುವೆಯಾದರೆ ಅರ್ಧ ಪ್ರೀತಿಯು ಪತಿಗೆ ಸಲ್ಲತಕ್ಕದ್ದು ಎಂದು ಆಕೆಯ ಲೆಕ್ಕ. ಆ ಲೆಕ್ಕವು ಸತ್ಯವಾದುದು, ಆದರೆ ಲೆಕ್ಕವೇ. ಎರಡನೆಯ ಅಂಕದಲ್ಲಿ ಈ ಗಣಿತವು ಹಾಸ್ಯಾಸ್ಪದವಾಗುತ್ತದೆ. ಲಿಯರನ ನೂರು ಭಟರನ್ನು ಹಿರಿಯಳು ಐವತ್ತಕ್ಕೆ ಇಳಿಸಿದರೆ ನಡುವಿನವಳು ಇಪ್ಪತ್ತೈದಕ್ಕೆ ಇಳಿಸುತ್ತಾಳೆ. ಆಗ ಆ ಮುದುಕನು ಐವತ್ತು ಇಪ್ಪತ್ತೈದರ ಎರಡರಷ್ಟಾದುದರಿಂದ ಹಿರಿಯಳ ಪ್ರೀತಿಯೂ ಎರಡರಷ್ಟೆಂದು ತೀರ್ಮಾನಿಸುತ್ತಾನೆ! ಹತ್ತು, ಐದು, ಒಂದು ಎಂದು ಮಕ್ಕಳು ಕಳೆಯುತ್ತ ಹೋಗಿ, ಕಡೆಗೆ ಅವನು ಬಿರುಗಾಳಿಯಲ್ಲಿ ನಿಲ್ಲುವಂತಾಗುತ್ತದೆ.

ನಾಲ್ಕನೆಯ ಅಂಕದ ಕಡೆಯಲ್ಲಿ ತಂದೆ ಮಗಳು ಕೂಡಿಕೊಳ್ಳುವ ರಂಗದಲ್ಲಿ ಈ ಲೆಕ್ಕವು ಮುರಿಯುತ್ತದೆ. ಲಿಯರನು ತನ್ನನ್ನು ದ್ವೇಷಿಸಲು ಸೋದರಿಯರಿಗೆ ಕಾರಣವಿರಲಿಲ್ಲ, ಅವಳಿಗೆ ಉಂಟೆಂದು ನ್ಯಾಯವಾಗಿಯೇ ಹೇಳುತ್ತಾನೆ. ಕಾರ್ಡೀಲಿಯಳು ಕಾರಣವೇ ಇಲ್ಲವೆನ್ನುತ್ತಾಳೆ. ಮೊದಲ ರಂಗದ ನಿಷ್ಠುರಸತ್ಯವಾದಿನಿಯು ಆಡಬಹುದಾದ ಮಾತು ಇದಲ್ಲ. ಲೆಕ್ಕಕ್ಕೆ ಇಟ್ಟರೆ ಇದು ಸುಳ್ಳು. ಆದರೆ ಅದೇ ನಿಷೇಧಾರ್ಥಕವಾದ ಮಾತು ಮೊದಲು ಕೊಡದೆ ಹಿಡಿದುಕೊಂಡದ್ದನ್ನು ಈಗ ಮಿತಿಯಿಲ್ಲದೆ ಕೊಡುತ್ತದೆ. ಲಿಯರನೂ ಅಷ್ಟೇ: ಸೆರೆಮನೆಗೆ ಹೋಗುವಾಗ ಅವನು ಪಾಲು ಕೇಳುವುದಿಲ್ಲ, ಪ್ರಮಾಣ ಕೇಳುವುದಿಲ್ಲ, ಆಕೆಯ ಜೊತೆಯೊಂದೇ ಸಾಕೆನ್ನುತ್ತಾನೆ.

ಹೀಗಿರಲು ಕಡೆಯ ರಂಗದಲ್ಲಿ ಮತ್ತೆ ಪರೀಕ್ಷೆಯೊಂದು ನಡೆಯುವುದರ ಅರ್ಥವು ವಿಶದವಾಗುತ್ತದೆ. ಲಿಯರನು ಕನ್ನಡಿಯನ್ನು ಕೇಳುತ್ತಾನೆ, ಗರಿಯು ಅಲುಗಿತೆನ್ನುತ್ತಾನೆ. ಮಾತಿನಿಂದ ಪ್ರೀತಿಯನ್ನು ಅಳೆಯಹೊರಟಿದ್ದವನು ಈಗ ಅದೇ ಬಾಯಿಂದ ಒಂದು ಉಸಿರನ್ನು ಬೇಡುತ್ತಿದ್ದಾನೆ. ಆ ಉಸಿರು ಅವನನ್ನು ಹೊಗಳಬೇಕಾದುದಿಲ್ಲ, ಅವನನ್ನು ಕ್ಷಮಿಸಬೇಕಾದುದೂ ಇಲ್ಲ, ಇದ್ದರೆ ಸಾಕು. ಈ ಸಾಮ್ಯವು ಎರಡು ಪಾಠಗಳಲ್ಲಿಯೂ ಇದೆ. ಕನ್ನಡಿಯೂ ಗರಿಯೂ ಎರಡರಲ್ಲಿಯೂ ಬರುತ್ತವೆ. ತುಟಿಗಳ ಮಾತನ್ನು ಸೇರಿಸಿ ಫೋಲಿಯೊ ಅದನ್ನು ಸ್ಪಷ್ಟಪಡಿಸುತ್ತದೆ ಅಷ್ಟೆ. ಲಿಯರನು ಹರ್ಷದಿಂದ ಸತ್ತನೋ ನಿರಾಶೆಯಿಂದ ಸತ್ತನೋ ಎಂಬ ಚರ್ಚೆಯು ತೀರದಿದ್ದರೂ, ಅವನು ಪ್ರೀತಿಯನ್ನು ಅರಿತವನಾಗಿ ಸತ್ತನೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದರಿಂದ ಮುಕ್ತಾಯವು ಸಮಾಧಾನಕರವಾಯಿತೆಂದು ಯಾರೂ ತಿಳಿಯಬಾರದು. ಅರಿವು ಬಂದುದಕ್ಕಾಗಿ ಮಗಳು ಬದುಕಲಿಲ್ಲ. ಅರಿವಿಗೂ ಫಲಕ್ಕೂ ಸಂಬಂಧವಿರಬೇಕೆಂದು ಕೇಳುವುದೂ ಒಂದು ಬಗೆಯ ಲೆಕ್ಕವೇ ಆಗಿದೆ. ಇಷ್ಟು ದುಃಖಕ್ಕೆ ಇಷ್ಟು ಪ್ರತಿಫಲವೆಂಬುದು ಮೊದಲ ರಂಗದ ಲಿಯರನ ನ್ಯಾಯ. ಟೇಟನು ನಾಟಕಕ್ಕೆ ಸೇರಿಸಿದುದು ಈ ನ್ಯಾಯವನ್ನೇ. ಅವನ ತಪ್ಪು ಕರುಣೆಯದಲ್ಲ. ನಾಟಕವು ಐದು ಅಂಕಗಳಲ್ಲಿ ಬಿಡಿಸಿದ ಗಂಟನ್ನು ಅವನು ಕಡೆಯ ಪುಟಗಳಲ್ಲಿ ಮತ್ತೆ ಹಾಕಿದುದು.

ಸುಖಾಂತದ ಸಂಪ್ರದಾಯದಲ್ಲಿ ಬೆಳೆದ ಭಾರತೀಯ ಸಹೃದಯರಿಗೆ ಈ ಪ್ರಶ್ನೆಯು ಅಪರಿಚಿತವಲ್ಲ. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಸಾಫೊಕ್ಲಿಸನ 'ಅಯಾಸ್' ನಾಟಕದ ಮೇಲ್ಪಂಕ್ತಿಯಿಂದ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ರಚಿಸಿ, ಪುರಾಣವು ಚಿರಂಜೀವಿಯೆನ್ನುವ ವೀರನನ್ನು ರಂಗದಲ್ಲಿ ಸಾವಿಗೆ ಒಯ್ದರು. ಬದುಕಿ ಉಳಿದ ರಾಜನ ಕಥೆಯನ್ನು ತೆಗೆದುಕೊಂಡು ಷೇಕ್ಸ್‌ಪಿಯರನು ಮಾಡಿದುದೂ ಅದೇ ಜಾತಿಯ ಕಾರ್ಯ. ಇಬ್ಬರಲ್ಲಿಯೂ ವಿಮರ್ಶಕನು ಕೇಳಬೇಕಾದುದು, ಸಂಪ್ರದಾಯವನ್ನು ಮೀರಿದರೆ ಎಂದಲ್ಲ. ಮೀರಿ ಏನನ್ನು ಕಾಣಿಸಿದರೆಂದು.

ತರಗತಿಗಳಲ್ಲಿ ಈ ನಾಟಕವನ್ನು ಪಾಠಹೇಳುವ ಉಪಾಧ್ಯಾಯರು ಕಡೆಯ ರಂಗವನ್ನು ಎರಡು ಪಾಠಗಳಲ್ಲಿಯೂ ಅಕ್ಕಪಕ್ಕದಲ್ಲಿಟ್ಟು ಓದಿಸುವುದು ಒಳ್ಳೆಯದು. ಬೆರಕೆಯ ಪಾಠದಲ್ಲಿ ಭೇದವು ಕಾಣುವುದಿಲ್ಲ. ಭೇದವು ಕಾಣದಿದ್ದರೆ ಒಂದು ವ್ಯಾಖ್ಯಾನವೇ ನಾಟಕವೆಂಬ ಭ್ರಮೆಯು ವಿದ್ಯಾರ್ಥಿಗಳಿಗೆ ಉಂಟಾಗುತ್ತದೆ. ಅನಂತರ ಅವರನ್ನು ಮೊದಲ ರಂಗಕ್ಕೆ ಹಿಂದಿರುಗಿಸಿ, ಕಾರ್ಡೀಲಿಯಳ ನಿಷೇಧದ ಎರಡು ಮಾತುಗಳನ್ನು ಹೋಲಿಸುವಂತೆ ಹೇಳಬೇಕು. ಲಿಯರನು ತೋರಿಸಿದ ಕಡೆಗೆ ನೋಡಲು ಅವರಿಗೆ ಅದಕ್ಕಿಂತ ಹೆಚ್ಚಿನ ಸಹಾಯವು ಬೇಕಾಗದು.