ಕಣ್ಣಳತೆಯ ಲೆಕ್ಕ

ಅಕ್ಕನ ಹೆರಿಗೆಯಾದಾಗ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಹಾಳೆಯ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಮಗುವಿನ ತೂಕ 2.840 ಕೆ.ಜಿ. ಹುಟ್ಟಿದ ಗಳಿಗೆ ನಿಮಿಷದ ಸಮೇತ. ಬಿಲ್ಲಂತೂ ಕೈಗವಸಿನ ಲೆಕ್ಕವನ್ನೂ ಬಿಟ್ಟಿಲ್ಲ. ಅಕ್ಕನಿಗೆ ಎಷ್ಟು ರಕ್ತ ಹೋಯಿತು ಅನ್ನೋ ಕಡೆ ಮಾತ್ರ ‘ಸುಮಾರು 400 ಎಂ.ಎಲ್.’ ಅಂತಿದೆ. ಅದೇ ಹಾಳೆಯ ಕೆಳಗೆ, ಎರಡು ಬಾಟ್ಲಿ ರಕ್ತ ಕೊಡಲಾಯಿತು ಅಂತಲೂ ಇದೆ. ಹೋಗಿದ್ದಕ್ಕಿಂತ ಜಾಸ್ತಿ ತುಂಬಿಸಿ ಕಳಿಸಿದರೇ?

ಆ ರಾತ್ರಿ ಅಕ್ಕ “ತಲೆ ತಿರುಗ್ತಿದೆ, ಏನೋ ಸರಿಯಿಲ್ಲ” ಅಂದಾಗ ಆಯಾ “ಹೆರಿಗೆ ಅಂದ್ಮೇಲೆ ರಕ್ತ ಹೋಗುತ್ತಮ್ಮ” ಅಂದರಂತೆ. ನರ್ಸ್‌ಗೆ ಅನುಮಾನ ಬಂದಿತ್ತು. ಡಾಕ್ಟರಿಗೆ ಫೋನ್ ಮೇಲೆ ಫೋನ್ ಮಾಡಿದರು. ಅವರು ಬರುವವರೆಗೆ ಕಾಯುವುದು ಬಿಟ್ಟು ಆಕೆಯ ಕೈಯಲ್ಲಿ ಬೇರೇನೂ ಇರಲಿಲ್ಲ. ಅಕ್ಕ ಉಳಿದಳು. ನಾನು ದಿನವಿಡೀ ಅಂಕಿಅಂಶ ನೋಡಿ ಸಂಬಳ ತಗೊಳ್ಳೋನು. ಆ ‘ಸುಮಾರು’ ಮಾತ್ರ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇ-ಮೋಟಿವ್ ಅನ್ನೋ ಅಧ್ಯಯನ.

2023ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದದ್ದು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳು, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಹೆರಿಗೆಯ ನಂತರ 500 ಎಂ.ಎಲ್.ಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಶುರು ಅಂತ ಲೆಕ್ಕ. ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಮಾಮೂಲಿನಂತೆ ಕಣ್ಣಳತೆ. ಇನ್ನೊಂದರಲ್ಲಿ, ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಗೆರೆ ಮುಟ್ಟಿತೋ, ಐದು ಕೆಲಸ ಒಟ್ಟೊಟ್ಟಿಗೆ: ಗರ್ಭಕೋಶ ನೀವುವುದು, ಅದು ಬಿಗಿಯಾಗಲು ಔಷಧ, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ರಕ್ತ ಎಲ್ಲಿಂದ ಬರ್ತಿದೆ ಅಂತ ಪರೀಕ್ಷೆ. ಆಗಲೂ ನಿಲ್ಲದಿದ್ದರೆ ಹಿರಿಯರಿಗೆ ಕರೆ.

ಫಲಿತಾಂಶ ನೋಡಿ. ಕಣ್ಣಳತೆಯವರು ಅತಿಸ್ರಾವದ ಪ್ರಕರಣಗಳಲ್ಲಿ 51% ಮಾತ್ರ ಗುರುತಿಸಿದರು, ಚೀಲದವರು 93%. ಒಂದು ಲೀಟರ್ ದಾಟುವ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು ಅಥವಾ ಅದರಿಂದ ಸಾವು, ಈ ಮೂರನ್ನೂ ಸೇರಿಸಿದರೆ 4.3% ಇದ್ದದ್ದು 1.6%ಗೆ ಇಳಿಯಿತು.

ಗೆಳೆಯರಿಗೆ ಹೇಳಿದರೆ “ಅಷ್ಟೇನಾ? ಒಂದು ಪ್ಲಾಸ್ಟಿಕ್ ಚೀಲಾನಾ?” ಅಂದರು. ನನ್ನ ತಕರಾರು ಶುರುವಾಗೋದೇ ಇಲ್ಲಿ.

ಗೆರೆಯಿರುವ ಚೀಲ ಹೊಸದಲ್ಲ, ನಮ್ಮ ಬೆಳಗಾವಿಯಲ್ಲೇ ಬಳಕೆಯಾಗಿತ್ತು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ನಡೆಯಿತು. ಹೆರಿಗೆ ಮಾಡಿಸಿದವರು ಎಎನ್‌ಎಂಗಳು. ಮಾತ್ರೆ ಪಡೆದವರಲ್ಲಿ ಅತಿಸ್ರಾವ 12%ರಿಂದ 6.4%ಗೆ ಇಳಿಯಿತು. ಇದನ್ನು ಸರಿಯಾಗಿ ಅಳೆಯಲು ಸಂಶೋಧಕರು ಬಳಸಿದ್ದು ಇಂಥದ್ದೇ ಚೀಲ. ಕಣ್ಣಳತೆಯ ಅಂದಾಜು ಚೀಲದ ಅಳತೆಗಿಂತ 33% ಕಡಿಮೆ ಬರುತ್ತದೆ ಅಂತ ಬೆಳಗಾವಿಯದೇ ಇನ್ನೊಂದು ಅಧ್ಯಯನ 2006ರಲ್ಲಿ ತೋರಿಸಿತ್ತು. ಅಂದರೆ ಕಣ್ಣು ಮೂರರಲ್ಲೊಂದು ಪಾಲನ್ನು ನುಂಗಿಹಾಕುತ್ತೆ ಅಂತ ಆಗಲೇ ಗೊತ್ತಿತ್ತು. ಆದರೆ ರಕ್ತವನ್ನು ಅಳೆದೇ ನೋಡಿ, ಚಿಕಿತ್ಸೆಯನ್ನು ಒಟ್ಟಿಗೇ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 2023ರ ಕೊನೆಗೆ. ಹದಿನೇಳು ವರ್ಷ ಆ ಅಳತೆ ಪೇಪರಿನೊಳಗೆ ಭದ್ರವಾಗಿತ್ತು, ಎಲ್ಲ ಹೆರಿಗೆ ಕೋಣೆಗಳಿಗೆ ಬರಲಿಲ್ಲ.

ಅಳೆದಿದ್ದರೆ ಸಾಕಿತ್ತಾ? ಇಲ್ಲ. ಯುರೋಪಿನ 13 ದೇಶಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಚೀಲವನ್ನು ಪರೀಕ್ಷಿಸಿ 2010ರಲ್ಲಿ ವರದಿ ಬಂತು. ತೀವ್ರ ಸ್ರಾವ ಚೀಲವಿದ್ದ ಕಡೆ 1.7%, ಇಲ್ಲದ ಕಡೆ 2.1%. ಖಚಿತ ಅಂತ ಹೇಳಬಹುದಾದ ವ್ಯತ್ಯಾಸ ಇಲ್ಲ. ಅಲ್ಲಿ ಕೊಟ್ಟದ್ದು ಚೀಲ. ಅದು ತುಂಬಿದಾಗ ಯಾರು ಏನು ಮಾಡಬೇಕು ಅನ್ನೋದು ಪ್ರಯೋಗದ ಭಾಗವಾಗಿರಲಿಲ್ಲ.

ನಮ್ಮ ಆಫೀಸುಗಳಿಗೆ ಇದು ಹೊಸ ವಿಷಯವೇ? ಡ್ಯಾಶ್‌ಬೋರ್ಡ್ ವಾರವಿಡೀ ಕೆಂಪಗಿರುತ್ತೆ. ಎಲ್ಲರೂ ನೋಡಿರ್ತಾರೆ. ಸರಿಮಾಡೋಕೆ ಅಪ್ರೂವಲ್ ಇರೋರು ಮಾತ್ರ ರಜೆಯಲ್ಲಿರ್ತಾರೆ. ಇ-ಮೋಟಿವ್‌ನ ನಿಜವಾದ ಹೊಸತನ ಪ್ಲಾಸ್ಟಿಕ್ಕಿನಲ್ಲಿಲ್ಲ. ಗೆರೆ ನೋಡಿದವರೇ ಚಿಕಿತ್ಸೆ ಶುರುಮಾಡಬಹುದು, ಬೇಕಾದ ಔಷಧಿಯೆಲ್ಲ ಕೈಗೆಟುಕುವ ಕಡೆ ಇರಬೇಕು, ಒಂದು ಫಲಿಸದೇ ಹೋದಮೇಲೆ ಇನ್ನೊಂದು ಅಂತ ಕಾಯಬಾರದು, ಅನ್ನೋ ಏರ್ಪಾಟಿನಲ್ಲಿದೆ. ಚಿಕಿತ್ಸೆಯ ಇಡೀ ಕಟ್ಟು ಚೀಲದ ಗುಂಪಿನಲ್ಲಿ 91% ಹೆಂಗಸರಿಗೆ ಸಿಕ್ಕಿತು, ಇನ್ನೊಂದು ಗುಂಪಿನಲ್ಲಿ 19%ಗೆ ಮಾತ್ರ. ಆ ಐದರಲ್ಲಿ ಒಂದೂ ಹೊಸ ಚಿಕಿತ್ಸೆಯಲ್ಲ.

ಹಾಗಂತ ಈ ಅಧ್ಯಯನವನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಸಾವಿನ ಸಂಖ್ಯೆಯನ್ನಷ್ಟೇ ತೆಗೆದುಕೊಂಡರೆ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣುವುದಿಲ್ಲ. 60% ಇಳಿಕೆ ಅನ್ನೋದು ಆ ಮೂರರ ಮೊತ್ತಕ್ಕೆ. ಚೀಲ, ಔಷಧ, ತರಬೇತಿ ಎಲ್ಲ ಕಟ್ಟಾಗಿ ಬಂದಿರೋದರಿಂದ ಯಾವುದರ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗದು. ಇನ್ನೂ ಒಂದಿದೆ. ಇದು ಸಹಜ ಹೆರಿಗೆಗಳ ಅಧ್ಯಯನ, ಸಿಸೇರಿಯನ್ ಇದರಲ್ಲಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 47.4% ಹೆರಿಗೆ ಸಿಸೇರಿಯನ್. ಇದನ್ನು ಓದುತ್ತಿರುವ ನಮ್ಮಂಥವರು ಹೋಗುವುದು ಅಂಥ ಆಸ್ಪತ್ರೆಗಳಿಗೇ. ಅಲ್ಲಿನ ಅರ್ಧದಷ್ಟು ಬಾಣಂತಿಯರಿಗೆ ಈ ಉತ್ತರವನ್ನು ಹಾಗೇ ಅಂಟಿಸಲಾಗದು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಮಗುವಿಗೆ ತಿನ್ನಿಸುತ್ತಾ ಕೇಳಿಸಿಕೊಂಡಳು. “ಚೀಲ ಇಲ್ದೇನೂ ಆ ನರ್ಸ್‌ಗೆ ಗೊತ್ತಾಗಿತ್ತು ಕಣೋ” ಅಂದಳು.

ಹೌದು, ಗೊತ್ತಾಗಿತ್ತು. ಆದರೆ ತೋರಿಸೋಕೆ ಒಂದು ಗೆರೆಯೂ ಇರಲಿಲ್ಲ, ಕೈಹಾಕೋಕೆ ಅಧಿಕಾರವೂ ಇರಲಿಲ್ಲ. ಆದ್ದರಿಂದ ಹೆರಿಗೆಗೆ ಆಸ್ಪತ್ರೆ ಹುಡುಕುವಾಗ ಪಾರ್ಕಿಂಗ್, ಏಸಿ ರೂಮ್, ಇನ್ಶೂರೆನ್ಸ್ ಜೊತೆಗೆ ಎರಡು ಪ್ರಶ್ನೆ ಕೇಳಿ: ರಕ್ತ ಹೋಗಿದ್ದನ್ನು ಹೇಗೆ ಅಳೀತೀರಿ? ರಾತ್ರಿ ಎರಡು ಗಂಟೆಗೆ ಅದು ಗೆರೆ ದಾಟಿದರೆ, ಯಾರಿಗೂ ಕಾಯದೆ ಚಿಕಿತ್ಸೆ ಶುರುಮಾಡೋಕೆ ಯಾರಿಗೆ ಅನುಮತಿ ಇದೆ?